ಮಂಚೂರಿಯದ ಎರಡು ಪುಸ್ತಕ: ಯಾವುದನ್ನು ಕೊಳ್ಳಬೇಕು, ಯಾವುದನ್ನು ಹುಡುಕಿ ಓದಬೇಕು

ಜಪಾನಿನ ಆಳ್ವಿಕೆಯ ವಿರುದ್ಧ ಕೊರಿಯ ಮತ್ತು ಚೀನಾದ ಎಡಪಂಥೀಯ ಲೇಖಕರು ಒಬ್ಬರಿಗೊಬ್ಬರು ಹೇಗೆ ಹೆಗಲು ಕೊಟ್ಟರು ಎಂಬುದನ್ನು ಕಥೆ-ಕಾದಂಬರಿಗಳಲ್ಲೇ ಓದಿ ತಿಳಿಯಬೇಕೆನ್ನುವವರು ಇಂಗ್ಲಿಷ್ ಅನುವಾದಗಳಲ್ಲಿ ಮೊದಲು ಕೈಗೆತ್ತಿಕೊಳ್ಳಬೇಕಾದವು ಎರಡು. ಒಂದು, ಕೊರಿಯದ ಲೇಖಕಿ ಕಾಂಗ್ ಕ್ಯೊಂಗ್-ಎ ಅವರ ಕಥಾಸಂಕಲನ ‘ದಿ ಅಂಡರ್‌ಗ್ರೌಂಡ್ ವಿಲೇಜ್’. ಅನುವಾದ ಆಂಟನ್ ಹುರ್, ಪ್ರಕಾಶನ ಬ್ರಿಟನ್ನಿನ ಹಾನ್‌ಫರ್ಡ್ ಸ್ಟಾರ್, ವರ್ಷ 2018. ಇನ್ನೊಂದು, ಚೀನಾದ ಶಿಯಾವ್ ಜುನ್ ಬರೆದ ಕಾದಂಬರಿ ‘ವಿಲೇಜ್ ಇನ್ ಆಗಸ್ಟ್’. ಇದರ ಇಂಗ್ಲಿಷ್ ಆವೃತ್ತಿ 1942ರಲ್ಲಿ ನ್ಯೂಯಾರ್ಕಿನಲ್ಲಿ ಅಮೆರಿಕದ ಪತ್ರಕರ್ತ ಎಡ್ಗರ್ ಸ್ನೋ ಮುನ್ನುಡಿಯೊಂದಿಗೆ ಬಂತು. ಮೊದಲನೆಯದನ್ನು ದುಡ್ಡು ಕೊಟ್ಟು ಕೊಂಡು ಮನೆಯಲ್ಲಿ ಇಟ್ಟುಕೊಳ್ಳಬೇಕು. ಎರಡನೆಯದನ್ನು ಗ್ರಂಥಾಲಯದಿಂದ ತಂದು ಓದಿದರೆ ಸಾಕು, ಆದರೆ ಓದದೆ ಬಿಡುವಂತಿಲ್ಲ.

ಎರಡನ್ನೂ ಜೊತೆಗಿಟ್ಟು ಓದಬೇಕು ಅನ್ನುವುದಕ್ಕೆ ಗಟ್ಟಿ ಕಾರಣವಿದೆ. ಕಾಂಗ್ ಸಂಕಲನದ ‘ಉಪ್ಪು’ ಎಂಬ ನೀಳ್ಗತೆ 1934ರ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಸೋಲ್‌ನ ‘ಸಿನ್‌ಗಾಜೊಂಗ್’ ಎಂಬ ಮಹಿಳಾ ಮಾಸಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಶಿಯಾವ್ ಜುನ್ ತಮ್ಮ ಕಾದಂಬರಿಯ ಹಸ್ತಪ್ರತಿಯನ್ನು ಚಿಂಗ್‌ದಾವ್ ನಗರದಲ್ಲಿ ಮುಗಿಸಿದ್ದೂ ಅದೇ 1934ರ ಅಕ್ಟೋಬರಿನಲ್ಲಿ. ಎರಡರ ನೆಲವೂ ಮಂಚೂರಿಯ, ಅಂದರೆ ಚೀನಾದ ಈಶಾನ್ಯ ಭಾಗ. ಎರಡರಲ್ಲೂ ಬೆಟ್ಟದಿಂದ ಇಳಿದುಬರುವವರು ಜಪಾನ್ ವಿರೋಧಿ ಗೆರಿಲ್ಲಾಗಳು. ಆ ದಳಗಳಲ್ಲಿ ಕೊರಿಯನ್ನರೂ ಚೀನೀಯರೂ ಒಂದೇ ಬೆಂಕಿಯ ಸುತ್ತ ಕೂರುತ್ತಿದ್ದರು. ಒಂದು ಪುಸ್ತಕ ಅವರನ್ನು ಕೆಳಗಿನಿಂದ, ತಲೆಯ ಮೇಲೆ ಹೊರೆ ಹೊತ್ತ ಹೆಂಗಸಿನ ಕಣ್ಣಿಂದ ನೋಡುತ್ತದೆ. ಇನ್ನೊಂದು ದಳದ ಒಳಗೇ ಕೂತು ನೋಡುತ್ತದೆ.

ಮೊದಲು ‘ಉಪ್ಪು’. ಹೆಚ್ಚು ಜಾಗ ಅದಕ್ಕೇ ಸಲ್ಲಬೇಕು.

ಕಾಂಗ್ ಹುಟ್ಟಿದ್ದು 1906ರಲ್ಲಿ, ಈಗಿನ ಉತ್ತರ ಕೊರಿಯದ ಹ್ವಾಂಗ್‌ಹೆ ಪ್ರಾಂತ್ಯದಲ್ಲಿ. 1931ರಲ್ಲಿ ತುಮೆನ್ ನದಿಯಾಚೆ ಮಂಚೂರಿಯದ ಲುಂಗ್‌ಜಿಂಗ್ ಪಟ್ಟಣಕ್ಕೆ ಹೋದರು. ಕೊರಿಯನ್ನರು ಆ ಊರನ್ನು ಯೊಂಗ್‌ಜೊಂಗ್ ಅನ್ನುತ್ತಾರೆ. ಸುತ್ತಲ ಸೀಮೆಗೂ ಹೀಗೇ ಎರಡು ಹೆಸರು: ಚೀನೀಯರಿಗೆ ಜಿಯೆನ್‌ದಾವ್, ಕೊರಿಯನ್ನರಿಗೆ ಕಾಂದೊ. ನಕ್ಷೆ ಹಿಡಿದು ಓದುವವರು ಇದನ್ನು ಗುರುತು ಹಾಕಿಕೊಳ್ಳುವುದು ಒಳ್ಳೆಯದು, ಇಲ್ಲವಾದರೆ ಎರಡು ಪುಸ್ತಕಗಳು ಎರಡು ಬೇರೆ ದೇಶಗಳಲ್ಲಿ ನಡೆಯುತ್ತಿವೆ ಅನಿಸುತ್ತದೆ. ಸ್ವಂತ ನೆಲ ಕಳಕೊಂಡು ಬಂದ ಕೊರಿಯನ್ ರೈತರು ಅಲ್ಲಿ ಚೀನೀ ಜಮೀನುದಾರರ ಗೇಣಿಗೆ ದುಡಿಯುತ್ತಿದ್ದರು.

‘ಉಪ್ಪು’ ಕಥೆಯ ನಾಯಕಿಗೆ ಸ್ವಂತ ಹೆಸರಿಲ್ಲ. ಆಕೆ ಬೊಂಗ್‌ಯೊಮ್ ಎಂಬ ಹುಡುಗಿಯ ತಾಯಿ, ಅಷ್ಟೆ. ಚೀನೀ ಜಮೀನುದಾರ ಪಾಂಗ್‌ಡುಂಗ್‌ನನ್ನು ಕಾಣಲು ಹೋದ ಗಂಡ ಹೆಣವಾಗಿ ಮನೆಗೆ ಬರುತ್ತಾನೆ. ಕೊಂದವರು ಕಮ್ಯುನಿಸ್ಟರೇ ಎಂದು ಆಕೆ ನಂಬುತ್ತಾಳೆ. ಮಗ ಬೊಂಗ್‌ಸಿಕ್ ಮನೆ ಬಿಟ್ಟು ಹೋಗುತ್ತಾನೆ. ತಾಯಿ ಮಗಳು ಪಟ್ಟಣಕ್ಕೆ ಬಂದು ಪಾಂಗ್‌ಡುಂಗ್‌ನ ಮನೆಯಲ್ಲಿ ಆಸರೆ ಪಡೆಯುತ್ತಾರೆ. ಆತ ಆಕೆಯ ಮೇಲೆ ಅತ್ಯಾಚಾರ ಮಾಡುತ್ತಾನೆ, ಆಕೆ ಬಸಿರಾಗುತ್ತಾಳೆ. ಬೊಂಗ್‌ಸಿಕ್ ಕಮ್ಯುನಿಸ್ಟನೆಂದು ಮರಣದಂಡನೆಗೆ ಗುರಿಯಾದ ಸುದ್ದಿ ಬಂದ ಮೇಲೆ ಇಬ್ಬರನ್ನೂ ಹೊರಗೆ ಹಾಕುತ್ತಾನೆ. ಪರರ ಜಾಗದಲ್ಲಿ ಹೆರಿಗೆ. ಆಮೇಲೆ ಇನ್ನೊಬ್ಬರ ಮಗುವಿಗೆ ಹಾಲೂಡುವ ಕೂಲಿ. ಅದರ ನಡುವೆ ಸ್ವಂತ ಎರಡೂ ಹೆಣ್ಣುಮಕ್ಕಳು ಜ್ವರಕ್ಕೆ ಬಲಿ. ಆರು ಅಧ್ಯಾಯ: ಹೊಲಮನೆ, ಅಲೆದಾಟ, ಹೆರಿಗೆ, ದಾದಿ, ತಾಯಿಯ ಮನಸ್ಸು, ಕಳ್ಳಸಾಗಣೆ.

ಕೊನೆಯ ಅಧ್ಯಾಯಕ್ಕಾಗಿಯೇ ಈ ಪುಸ್ತಕ ಕೊಳ್ಳಬಹುದು. ಕೊರಿಯದ ಕಡೆ ಉಪ್ಪು ಅಗ್ಗ, ಮಂಚೂರಿಯದ ಕಡೆ ಸರ್ಕಾರದ ಹಿಡಿತದಲ್ಲಿದ್ದು ದುಬಾರಿ. ಗಂಡಸರ ಗುಂಪೊಂದರ ಜೊತೆ ಈ ಹೆಂಗಸು ತಲೆಯ ಮೇಲೆ ಉಪ್ಪಿನ ಮೂಟೆ ಹೊತ್ತು ರಾತ್ರಿ ನದಿ ದಾಟುತ್ತಾಳೆ. ಮೂಟೆ ನೆನೆದರೆ ಹೊರೆಯೂ ಹೋಯಿತು, ಹಾಕಿದ ಬಂಡವಾಳವೂ ಹೋಯಿತು. ನಡು ನೀರಿನಲ್ಲಿ ಕಾಲು ಜಾರುತ್ತದೆ. ಜೊತೆಗಿದ್ದವನೊಬ್ಬ ಬಂದು ಹಿಡಿದುಕೊಳ್ಳುತ್ತಾನೆ. ಮಾತಿಲ್ಲ, ಕೃತಜ್ಞತೆಯ ಉದ್ಗಾರವಿಲ್ಲ, ಸದ್ದು ಮಾಡಿದರೆ ಎಲ್ಲರೂ ಸಿಕ್ಕಿಬೀಳುತ್ತಾರೆ. ಒಗ್ಗಟ್ಟು ಎಂಬುದನ್ನು ಇಷ್ಟು ಮೈಗೆ ತಾಕುವಂತೆ ಬರೆದ ಪುಟಗಳು ಆ ಕಾಲದ ಏಷ್ಯಾದ ಎಡಪಂಥೀಯ ಸಾಹಿತ್ಯದಲ್ಲಿ ವಿರಳ.

1930ರ ಏಪ್ರಿಲಿನಲ್ಲಿ ಅಂಕೋಲೆಯ ಕಡಲತೀರದಲ್ಲಿ ಉಪ್ಪಿನ ಕಾಯ್ದೆ ಮುರಿದ ಕಥೆ ಕೇಳಿ ಬೆಳೆದ ನಮಗೆ ಉಪ್ಪೆಂದರೆ ಸರ್ಕಾರದ ಕೈ ನೇರವಾಗಿ ಅಡುಗೆಮನೆಗೆ ಬರುವ ದಾರಿ ಎಂದು ಬಿಡಿಸಿ ಹೇಳಬೇಕಿಲ್ಲ. ಆದರೆ ಅಂಕೋಲೆಯಲ್ಲಿ ಕಾಯ್ದೆ ಮುರಿದದ್ದು ಹಗಲು ಹೊತ್ತಿನಲ್ಲಿ, ಸಾವಿರಾರು ಜನರೆದುರು. ಇಲ್ಲಿ ಕಾಯ್ದೆ ಮುರಿಯುವವಳಿಗೆ ತಾನು ಮಾಡುತ್ತಿರುವುದು ರಾಜಕೀಯ ಎಂಬುದೇ ಗೊತ್ತಿಲ್ಲ. ಹೊಟ್ಟೆಪಾಡು ಎಂದುಕೊಂಡಿದ್ದಾಳೆ.

ದಾರಿಯಲ್ಲಿ ಗೆರಿಲ್ಲಾಗಳು ಅಡ್ಡಗಟ್ಟುತ್ತಾರೆ. ಉಪ್ಪು ಕಸಿದುಕೊಳ್ಳುತ್ತಾರೆ ಎಂದು ಹೆದರಿ ನಿಂತವರಿಗೆ ಒಂದು ಭಾಷಣ ಮಾಡಿ, ಒಂದು ಹರಳನ್ನೂ ಮುಟ್ಟದೆ ಕಳಿಸುತ್ತಾರೆ. ಆ ಹೊತ್ತಿನಲ್ಲೂ ಆಕೆಯ ಮನಸ್ಸು ಕರಗುವುದಿಲ್ಲ, ನನ್ನ ಗಂಡನನ್ನು ಕೊಂದವರು ಇವರೇ ಎಂಬ ಹಗೆ ಹಾಗೇ ಇದೆ. ಮನೆ ಸೇರಿದ ಮೇಲೆ ಪೊಲೀಸರು ಬಂದು, ಸರ್ಕಾರದ ಉಪ್ಪಲ್ಲ ಎಂದು ಹಿಡಿಯುತ್ತಾರೆ. ಬೆಟ್ಟದ ಮೇಲಿನ ಮಾತುಗಳು ಆಗ ಅವಳಿಗೆ ಅರ್ಥವಾಗುತ್ತವೆ.

ಆ ಅರ್ಥವಾಗುವ ಸಾಲುಗಳನ್ನೇ 1934ರಲ್ಲಿ ಸೆನ್ಸಾರ್ ಮಸಿ ಬಳಿದು ಮುಚ್ಚಿತು. ಪತ್ರಿಕೆಯ ಪುಟದಲ್ಲಿ ಉಳಿದದ್ದು ಕಪ್ಪು ಪಟ್ಟಿ. 2006ರಲ್ಲಿ ದಕ್ಷಿಣ ಕೊರಿಯದ ಸಂಶೋಧಕರು ವಿಧಿವಿಜ್ಞಾನ ಪ್ರಯೋಗಾಲಯದ ನೆರವಿನಿಂದ ಮಸಿಯ ಕೆಳಗಿನ ಅಕ್ಷರಗಳನ್ನು ಓದಿ ತೆಗೆದರು. ಹಾಗಾಗಿ ಕೊಳ್ಳುವವರು ಗಮನಿಸಬೇಕಾದ್ದು ಇಷ್ಟು: ‘ಉಪ್ಪು’ ಕಥೆಯ ಯಾವ ಇಂಗ್ಲಿಷ್ ಪಾಠ ಸಿಕ್ಕರೂ ಮೊದಲು ಅದರ ಕೊನೆಯ ಪುಟ, ಅಲ್ಲಿನ ಟಿಪ್ಪಣಿ ನೋಡಿ. ಬಂಧನದಲ್ಲೇ ಕಥೆ ನಿಂತರೆ ಅದು ಮಸಿ ಬಳಿದ ಪಾಠ, ಆಕೆಯೊಳಗೆ ಸಿಟ್ಟು ಎದ್ದು ನಿಲ್ಲುವಲ್ಲಿ ಮುಗಿದರೆ ಮರಳಿ ಪಡೆದ ಪಾಠ. ಎರಡರ ನಡುವೆ ಇರುವುದು ಕೆಲವೇ ಸಾಲು, ಆದರೆ ಒಂದರಲ್ಲಿ ಇದು ದುರಂತಕಥೆ, ಇನ್ನೊಂದರಲ್ಲಿ ರಾಜಕೀಯ ಕಥೆ. ಇದೇ ಕಥೆಯ ಇನ್ನೊಂದು ಅನುವಾದ 2013ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಪೂರ್ವ ಏಷ್ಯಾ ಮಾಲೆಯಲ್ಲಿ ಬಂದ ‘ರ‍್ಯಾಟ್ ಫೈರ್’ ಸಂಕಲನದಲ್ಲೂ ಇದೆ. ಅಧ್ಯಯನಕ್ಕೆ ಎರಡನ್ನೂ ಎದುರುಬದುರು ಇಟ್ಟುಕೊಳ್ಳಬಹುದು.

ಕಾಂಗ್ ಇಲ್ಲಿ ಮಾಡಿದ ಮುಖ್ಯ ಕೆಲಸ ಏನೆಂದರೆ, ಚೀನೀಯ ಎಂಬ ಒಂದೇ ಪದದೊಳಗೆ ಜಮೀನುದಾರನನ್ನೂ ಬಡವನನ್ನೂ ಒಟ್ಟಿಗೆ ತುಂಬಲಿಲ್ಲ. ಅವರಿಗಿಂತ ಮುಂಚೆ, 1927ರಲ್ಲಿ, ಚೊಯ್ ಸೊ-ಹೆ ಎಂಬ ಕೊರಿಯನ್ ಲೇಖಕ ಬರೆದ ‘ಕೆಂಡದ ಜ್ವಾಲೆ’ಯಂಥ ಕಥೆಯಲ್ಲಿ ಸಾಲಕ್ಕೆ ಮಗಳನ್ನು ಎಳೆದೊಯ್ದ ಚೀನೀ ಜಮೀನುದಾರನ ಮನೆಗೆ ಕೊರಿಯನ್ ಗೇಣಿದಾರ ಬೆಂಕಿ ಇಡುತ್ತಾನೆ. ಸಿಟ್ಟು ನ್ಯಾಯವಾದದ್ದೇ. ಆದರೆ ಓದುಗನಿಗೆ ಆ ಬೆಂಕಿ ಜಮೀನುದಾರನ ಮೇಲೋ ಚೀನೀಯನ ಮೇಲೋ ಎಂದು ಬಿಡಿಸಿಕೊಳ್ಳಲು ಆಗುವುದಿಲ್ಲ. ಆ ಗೊಂದಲದ ಬೆಲೆ 1931ರ ಜುಲೈನಲ್ಲಿ ಕಂಡಿತು. ಮಂಚೂರಿಯದ ವಾನ್‌ಬಾವ್‌ಶಾನ್ ಎಂಬ ಊರಿನ ನೀರಿನ ಕಾಲುವೆಯ ಜಗಳದಲ್ಲಿ ಕೊರಿಯನ್ ರೈತರು ಸತ್ತರೆಂಬ ಸುಳ್ಳು ಸುದ್ದಿ ಹಬ್ಬಿ, ಕೊರಿಯದ ನಗರಗಳಲ್ಲಿ ನೂರಕ್ಕೂ ಹೆಚ್ಚು ಚೀನೀಯರನ್ನು ಹೊಡೆದು ಕೊಂದರು. ಲಾಭವಾದದ್ದು ಜಪಾನಿಗೆ. ಎರಡು ವರ್ಷದ ಮೇಲೆ ಚೀನಾದ ಲಿ ಹುಯ್‌ಯಿಂಗ್ ಅದೇ ಊರಿನ ಹೆಸರಿನಲ್ಲೇ ಕಾದಂಬರಿ ಬರೆದು, ಎರಡೂ ಕಡೆಯ ರೈತರು ಕೊನೆಗೆ ಜಪಾನಿನ ವಿರುದ್ಧ ಒಂದಾಗುವಂತೆ ಮಾಡಿದರು. ಆಶಯ ದೊಡ್ಡದು, ಕಾದಂಬರಿ ತೆಳು. ಎಲ್ಲರೂ ಭಾಷಣದ ಮೂಲಕವೇ ಬದಲಾಗುವ ಕಥೆಗಳ ದೋಷವೇ ಅದು. ಕಾಂಗ್ ಕಥೆಯಲ್ಲಿ ಭಾಷಣ ಕೇಳಿದ ರಾತ್ರಿ ಏನೂ ಆಗುವುದಿಲ್ಲ. ಅದು ಕೆಲಸ ಮಾಡುವುದು ಪೊಲೀಸ್ ಬಾಗಿಲಿಗೆ ಬಂದಾಗ. ಈ ತಡವೇ ಕಥೆಯನ್ನು ನಂಬಿಸುತ್ತದೆ.

ಸಂಕಲನದ ಉಳಿದ ಕಥೆಗಳೆಲ್ಲ ಚೀನೀ-ಕೊರಿಯನ್ ಸಂಬಂಧದ್ದಲ್ಲ, ಅದಕ್ಕಾಗಿ ಮಾತ್ರ ಕೊಳ್ಳುವವರಿಗೆ ಇದು ತಿಳಿದಿರಲಿ. ಶೀರ್ಷಿಕೆ ಕಥೆ ಅಂಗವಿಕಲ ಭಿಕ್ಷುಕ ಹುಡುಗನೊಬ್ಬನದು, ಅದರ ಕೊನೆಯಲ್ಲಿ ಹಸುಗೂಸಿನ ತಲೆಯ ಗಾಯದ ವಿವರ ಎಂಥವರನ್ನೂ ಅಲುಗಾಡಿಸುತ್ತದೆ. ಮನಸ್ಸು ಗಟ್ಟಿ ಮಾಡಿಕೊಂಡೇ ಓದಬೇಕು. ಹುರ್ ಅನುವಾದ ಚುರುಕಾಗಿದೆ, ಬಡತನವನ್ನು ಅಲಂಕರಿಸುವುದಿಲ್ಲ. ಲೇಖಕಿಯ ಹೆಸರನ್ನು ಇಂಗ್ಲಿಷಿನಲ್ಲಿ ಹಲವು ಕಾಗುಣಿತಗಳಲ್ಲಿ ಬರೆಯುತ್ತಾರೆ, ಆದ್ದರಿಂದ ಹುಡುಕುವಾಗ ಪುಸ್ತಕದ ಹೆಸರು ಮತ್ತು ಪ್ರಕಾಶಕರ ಹೆಸರು ಹಾಕಿದರೆ ಬೇಗ ಸಿಗುತ್ತದೆ. ಅವರ ಕಾದಂಬರಿಯೂ ಬೇಕೆನ್ನುವವರಿಗೆ ಸ್ಯಾಮ್ಯುಯೆಲ್ ಪೆರಿ ಅನುವಾದದ ‘ಫ್ರಮ್ ವೊನ್ಸೊ ಪಾಂಡ್’ ಇದೆ (ಫೆಮಿನಿಸ್ಟ್ ಪ್ರೆಸ್, 2009). ಅದರ ನೆಲ ಮೊದಲು ಕೊರಿಯದ ಹಳ್ಳಿ, ಆಮೇಲೆ ಇಂಚನ್ ಬಂದರು ಮತ್ತು ನೂಲಿನ ಗಿರಣಿ, ಮಂಚೂರಿಯವಲ್ಲ.

ಈಗ ‘ವಿಲೇಜ್ ಇನ್ ಆಗಸ್ಟ್’. ಅಂಗಡಿಯಲ್ಲಿ ಹೊಸ ಪ್ರತಿ ಹುಡುಕಿ ಪ್ರಯೋಜನವಿಲ್ಲ, ಹಳೆಯ ಪುಸ್ತಕದವರು ಅಥವಾ ವಿಶ್ವವಿದ್ಯಾಲಯದ ಗ್ರಂಥಾಲಯವೇ ಗತಿ. ಲೇಖಕರ ಹೆಸರು ಶಿಯಾವ್ ಜುನ್ ಎಂದು ಹುಡುಕಿದರೆ ತಪ್ಪಿಹೋಗಬಹುದು, ಮುಖಪುಟದ ಮೇಲಿರುವುದು ಅವರ ಆಗಿನ ಕಾವ್ಯನಾಮ, ಟಿಯೆನ್ ಚುನ್. ಮೂಲ ಚೀನೀ ಪುಸ್ತಕ 1935ರಲ್ಲಿ ಶಾಂಘೈಯಲ್ಲಿ ‘ಗುಲಾಮ ಮಾಲೆ’ಯಲ್ಲಿ ಸರ್ಕಾರದ ಕಣ್ಣು ತಪ್ಪಿಸಿ ಬಂತು. ಮುನ್ನುಡಿ ಆಧುನಿಕ ಚೀನೀ ಸಾಹಿತ್ಯದ ಹಿರಿಯ ಲೇಖಕ ಲು ಶುನ್ ಅವರದು. ಮಾಲೆಯಲ್ಲಿದ್ದದ್ದು ಮೂರೇ ಪುಸ್ತಕ. ಇನ್ನೊಂದು ಶಿಯಾವ್ ಜುನ್ ಸಂಗಾತಿ ಶಿಯಾವ್ ಹೊಂಗ್ ಅವರ ‘ಬದುಕು ಸಾವಿನ ಹೊಲ’, ಮತ್ತೊಂದು ಯೆ ಝಿ ಅವರ ಕಥೆಗಳು.

ಇಂಗ್ಲಿಷ್ ಅನುವಾದ ಇವಾನ್ ಕಿಂಗ್ ಅವರದೆಂದು ಗುರುತಿಸಲಾಗಿದೆ. ಈತನೇ 1945ರಲ್ಲಿ ಲಾವ್ ಶೆ ಅವರ ರಿಕ್ಷಾವಾಲನ ಕಾದಂಬರಿಯನ್ನು ಅನುವಾದಿಸುವಾಗ ದುರಂತದ ಕೊನೆಯನ್ನು ಸುಖಾಂತ ಮಾಡಿದವರು. ಹಾಗಾಗಿ ಈ ಅನುವಾದದ ಒಂದೊಂದು ಪದ ಹಿಡಿದು ವಾದ ಕಟ್ಟುವುದು ಬೇಡ. ಘಟನೆ, ಪಾತ್ರ, ನಡೆ ಇವಿಷ್ಟಕ್ಕೆ ನೆಚ್ಚಿಕೊಳ್ಳಬಹುದು.

ಕಾದಂಬರಿಯಲ್ಲಿ ಸೈನ್ಯ ತೊರೆದ ಒಂದು ಚಿಕ್ಕ ಗುಂಪು ಶಿಯಾವ್ ಮಿಂಗ್ ಎಂಬ ಓದಿದ ಯುವಕನ ಮುಂದಾಳುತನದಲ್ಲಿ ಗೆರಿಲ್ಲಾ ದಳವನ್ನು ಸೇರುತ್ತದೆ. ಲಿ ಎಂಬ ರೈತ ಹೆಂಗಸಿನ ಭಾಗ ಇಡೀ ಪುಸ್ತಕದ ಅತ್ಯಂತ ಬಲವಾದ ಬರವಣಿಗೆ. ಮಗುವನ್ನು ಕಳಕೊಂಡು, ಜಪಾನಿ ಸೈನಿಕನ ಅತ್ಯಾಚಾರಕ್ಕೆ ಒಳಗಾಗಿ, ಪ್ರಿಯಕರ ಸತ್ತ ಮೇಲೆ ಅವಳು ಬಂದೂಕು ಕೈಗೆತ್ತಿಕೊಳ್ಳುತ್ತಾಳೆ. ಆದರೆ ನಮ್ಮ ವಿಷಯಕ್ಕೆ ಬೇಕಾದವಳು ಅನ್ನಾ. ಆಕೆ ಕೊರಿಯದ ಕ್ರಾಂತಿಕಾರಿ, ಶಾಂಘೈಯಲ್ಲಿ ಬೆಳೆದು ದಳಕ್ಕೆ ಬಂದವಳು. ಶಿಯಾವ್ ಮಿಂಗ್ ಅವಳನ್ನು ಪ್ರೀತಿಸುತ್ತಾನೆ. ದಳದ ಮುಖ್ಯಸ್ಥ ಚೆನ್ ಝು ಶಿಸ್ತಿನ ಹೆಸರಿನಲ್ಲಿ ಆ ಪ್ರೀತಿಗೆ ಅಡ್ಡ ನಿಲ್ಲುತ್ತಾನೆ, ಶಿಯಾವ್ ಮಿಂಗ್ ಒಳಗೊಳಗೇ ಕುಸಿಯುತ್ತಾನೆ.

ಕೊರಿಯನ್ ಹೆಣ್ಣೊಬ್ಬಳನ್ನು ಚೀನೀ ದಳದಲ್ಲಿ ಸರಿಸಮಾನಳಾಗಿ ನಿಲ್ಲಿಸಿದ್ದು 1935ರಲ್ಲಿ ಸಣ್ಣ ಮಾತಲ್ಲ. ಆದರೂ ಇಲ್ಲೊಂದು ಕೊರತೆ ಎದ್ದು ಕಾಣುತ್ತದೆ. ಶಿಯಾವ್ ಜುನ್‌ಗೆ ಈ ದಳದ ವಿವರ ಸಿಕ್ಕಿದ್ದು ಜಿಲಿನ್ ಪ್ರಾಂತ್ಯದ ಪಾನ್‌ಶಿ ಗೆರಿಲ್ಲಾಗಳ ನಡುವೆ ಇದ್ದು ಬಂದ ಗೆಳೆಯ ಫು ತಿಯೆನ್‌ಫೇ ಬಾಯಿಂದ. ಆ ಪಾನ್‌ಶಿ ದಳವನ್ನು 1932ರಲ್ಲಿ ಕಟ್ಟಿದವರಲ್ಲಿ ಮುಂದಾಳಾಗಿದ್ದವನು ಕೊರಿಯನ್, ಲಿ ಹೊಂಗ್‌ಗ್ವಾಂಗ್. ಹೆಸರಾಂತ ಚೀನೀ ಸೇನಾನಿ ಯಾಂಗ್ ಜಿಂಗ್‌ಯು ಅಲ್ಲಿಗೆ ಬಂದದ್ದು ಆಮೇಲೆ. ನಿಜದಲ್ಲಿ ಕೊರಿಯನ್ನರು ಹಾದಿ ಹಾಕಿದ ಹೋರಾಟ ಕಾದಂಬರಿಯಲ್ಲಿ ಚೀನೀಯರು ನಡೆಸುವ ಹೋರಾಟವಾಯಿತು, ಕೊರಿಯಕ್ಕೆ ಉಳಿದ ದೊಡ್ಡ ಪಾತ್ರ ಪ್ರೇಯಸಿಯದು. ಶಿಯಾವ್ ಜುನ್ ಬೇಕೆಂದೇ ಮಾಡಿದರು ಅನ್ನಲಾರೆ. ಆ ಕಾಲದ ಚೀನೀ ಎಡಪಂಥೀಯ ಕಥನಕ್ಕೆ ಕೊರಿಯ ಎಂದರೆ ಮೊದಲಿಂದಲೂ ಒಂದು ಎಚ್ಚರಿಕೆಯಾಗಿತ್ತು, ನಾಳೆ ನಮಗೂ ಇದೇ ಗತಿ ಎಂಬ ಎಚ್ಚರಿಕೆ. ಮಾಸ್ಕೋದಲ್ಲಿ ಓದಿ ಬಂದ ಜಿಯಾಂಗ್ ಗುವಾಂಗ್‌ಚಿ 1920ರ ದಶಕದಲ್ಲೇ ಬರೆದ ‘ಯಾಲು ನದಿಯ ಮೇಲೆ’ ಕಥೆಯಲ್ಲಿ ಮಾಸ್ಕೋದ ವಿದ್ಯಾರ್ಥಿ ಕೋಣೆಯಲ್ಲಿ ಕೊರಿಯನ್ ಯುವಕನೊಬ್ಬ ಜೈಲಿನಲ್ಲಿ ಸತ್ತ ತನ್ನ ಪ್ರಿಯೆಯ ಕಥೆ ಹೇಳುತ್ತಾನೆ, ಚೀನೀಯ ಕೇಳುತ್ತಾನೆ. ಶು ಚುನ್ 1936ರಲ್ಲಿ ಬರೆದ ‘ದೇಶವಿಲ್ಲದ ಮಗು’ವಿನಲ್ಲಿ ದನ ಕಾಯುವ ಕೊರಿಯನ್ ಹುಡುಗನನ್ನು ನೋಡಿ ಚೀನೀ ಹುಡುಗ ತನ್ನ ನಾಡಿನ ಬಾವುಟವೂ ಇಳಿಯುವುದನ್ನು ಅರಿಯುತ್ತಾನೆ. ಅನುಕಂಪ ನಿಜವಾದದ್ದು, ಆದರೆ ಕೊರಿಯನ್ನರು ಅಲ್ಲಿ ನೊಂದವರಾಗಿ ಬರುತ್ತಾರೆಯೇ ಹೊರತು ದಾರಿ ತೋರಿದವರಾಗಿ ಬರುವುದು ಕಡಿಮೆ. ಎದುರಿನ ದಡದಿಂದ ಕೊರಿಯದ ಚು ಯೊ-ಸೊಪ್ 1925ರಲ್ಲೇ ಶಾಂಘೈಯ ಚೀನೀ ರಿಕ್ಷಾವಾಲನನ್ನು ಕಥಾನಾಯಕನನ್ನಾಗಿ ಮಾಡಿ, ದುಡಿದು ದಣಿದು ಸಾಯುವ ಅವನ ಕೊನೆಯ ದಿನವನ್ನು ಬರೆದಿದ್ದರು. ಅಲ್ಲಿ ಕೊರಿಯ ಎಂಬ ಪಾಠ ಹೇಳುವ ಅಗತ್ಯವೇ ಬಿದ್ದಿಲ್ಲ.

ಈ ಎರಡು ಸಾಹಿತ್ಯಗಳ ನಡುವೆ ಪುಸ್ತಕ ಹೇಗೆ ಓಡಾಡಿತು ಎಂಬುದನ್ನು ತಿಳಿಯದೆ ಓದಿದರೆ ಅರ್ಧ ತಪ್ಪಿಹೋಗುತ್ತದೆ. ವಿಮರ್ಶಕ ಹು ಫೆಂಗ್ 1936ರಲ್ಲಿ ಶಾಂಘೈಯಿಂದ ‘ಬೆಟ್ಟದ ಚೇತನ’ ಎಂಬ ಸಂಕಲನ ತಂದರು, ಕೊರಿಯ ಮತ್ತು ತೈವಾನಿನ ಕಥೆಗಳದು. ಚಾಂಗ್ ಹ್ಯೊಕ್-ಚು, ಯಿ ಬುಕ್-ಮ್ಯೊಂಗ್, ತೈವಾನಿನ ಯಾಂಗ್ ಕುಯ್ ಅದರಲ್ಲಿದ್ದಾರೆ. ಹು ಫೆಂಗ್ ಇವನ್ನು ಅನುವಾದಿಸಿದ್ದು ಜಪಾನಿ ಭಾಷೆಯಿಂದ. ಅಂದರೆ ಇಬ್ಬರನ್ನೂ ತುಳಿಯುತ್ತಿದ್ದ ಸಾಮ್ರಾಜ್ಯದ ಭಾಷೆಯೇ, ಟೋಕಿಯೊದ ಎಡಪಂಥೀಯ ಪತ್ರಿಕೆಗಳ ಮೂಲಕ, ಒಬ್ಬರ ಕಥೆಯನ್ನು ಇನ್ನೊಬ್ಬರಿಗೆ ಮುಟ್ಟಿಸಿತು. ಅದರ ಬೆಲೆಯೂ ಇತ್ತು: ಜಪಾನಿಯಲ್ಲಿ ಬರೆಯದವರು ಈ ದಾರಿಯಲ್ಲಿ ಕಾಣುವುದೇ ಇಲ್ಲ. ಇನ್ನೊಂದು ದಾರಿ ನೇರವಾದದ್ದು. ಕೊರಿಯದ ಕವಿ ಯಿ ಯುಕ್-ಸಾ 1933ರ ಜೂನಿನಲ್ಲಿ, ಶಾಂಘೈಯಲ್ಲಿ ಕೊಲೆಯಾದ ನಾಗರಿಕ ಹಕ್ಕುಗಳ ಹೋರಾಟಗಾರ ಯಾಂಗ್ ಶಿಂಗ್‌ಫೋ ಅವರ ಅಂತ್ಯಕ್ರಿಯೆಯಲ್ಲಿ ಲು ಶುನ್‌ರನ್ನು ಕಂಡರು. 1936ರ ಅಕ್ಟೋಬರಿನಲ್ಲಿ ಲು ಶುನ್ ತೀರಿಕೊಂಡಾಗ ಸೋಲ್‌ನ ‘ಚೊಸನ್ ಇಲ್ಬೊ’ ಪತ್ರಿಕೆಯಲ್ಲಿ ನುಡಿನಮನ ಬರೆದವರು ಇವರೇ. ಡಿಸೆಂಬರಿನಲ್ಲಿ ಲು ಶುನ್‌ರ ‘ಹುಟ್ಟೂರು’ ಕಥೆಯನ್ನು ಕೊರಿಯನ್‌ಗೆ ತಂದರು. 1944ರ ಜನವರಿಯಲ್ಲಿ ಬೀಜಿಂಗ್‌ನ ಜಪಾನಿ ಸೆರೆಯಲ್ಲಿ ಸತ್ತರು.

ಎರಡು ಪುಸ್ತಕಗಳೂ ಹೇಳದ ಒಂದು ವಿಷಯವಿದೆ, ಅದನ್ನು ಮುಚ್ಚಿಟ್ಟು ಶಿಫಾರಸು ಮಾಡುವುದು ಸರಿಯಲ್ಲ. 1932ರಿಂದ 1936ರ ನಡುವೆ, ಕಾಂಗ್ ಕೂತು ಬರೆಯುತ್ತಿದ್ದ ಅದೇ ಸೀಮೆಯಲ್ಲಿ, ಜಪಾನಿನ ಬೇಹುಗಾರರೆಂಬ ಗುಮಾನಿಯ ಮೇಲೆ ನೂರಾರು ಕೊರಿಯನ್ ಕಮ್ಯುನಿಸ್ಟರನ್ನು ಅವರಿದ್ದ ಚೀನೀ ಕಮ್ಯುನಿಸ್ಟ್ ಪಕ್ಷವೇ ಕೊಂದಿತು. ಮಿನ್‌ಸೆಂಗ್‌ದಾನ್ ಪ್ರಕರಣ ಎಂದು ಅದಕ್ಕೆ ಹೆಸರು. ದಕ್ಷಿಣ ಕೊರಿಯದ ಲೇಖಕ ಕಿಮ್ ಯೊನ್-ಸು ಅದನ್ನು ಕಾದಂಬರಿಯಾಗಿಸಿದ್ದು 2008ರಲ್ಲಿ. ‘ಉಪ್ಪು’ ಕಥೆಯ ತಾಯಿ ಬೆಟ್ಟದವರನ್ನು ನಂಬಲು ಅಷ್ಟು ಹಿಂಜರಿಯುತ್ತಾಳಲ್ಲ, ಈ ಇತಿಹಾಸ ತಿಳಿದು ಓದಿದಾಗ ಆ ಹಿಂಜರಿಕೆಗೆ ಇನ್ನಷ್ಟು ತೂಕ ಬರುತ್ತದೆ.

ಜೊತೆಗೊಂದು ಕಥೆಯಲ್ಲದ ಪುಸ್ತಕ ಬೇಕೇ ಬೇಕು: ‘ಸಾಂಗ್ ಆಫ್ ಅರಿರಾನ್’, 1941. ಎಡ್ಗರ್ ಸ್ನೋ ಪತ್ನಿ ಹೆಲೆನ್ ಫಾಸ್ಟರ್ ಸ್ನೋ, ನಿಮ್ ವೇಲ್ಸ್ ಎಂಬ ಕಾವ್ಯನಾಮದಲ್ಲಿ, 1937ರ ಬೇಸಿಗೆಯಲ್ಲಿ ಚೀನೀ ಕಮ್ಯುನಿಸ್ಟರ ನೆಲೆಯಾಗಿದ್ದ ಯಾನಾನ್‌ನಲ್ಲಿ ಕಿಮ್ ಸಾನ್ ಎಂಬ ಕೊರಿಯನ್ ಕ್ರಾಂತಿಕಾರಿಯ ಬಾಯಿಂದ ಕೇಳಿ ಬರೆದದ್ದು. ಅಲ್ಲಿನ ಲು ಶುನ್ ಗ್ರಂಥಾಲಯದಲ್ಲಿ ಇಂಗ್ಲಿಷ್ ಪುಸ್ತಕಗಳನ್ನು ಯಾರು ಇಷ್ಟು ಒಯ್ಯುತ್ತಾರೆ ಎಂದು ವಿಚಾರಿಸಿದಾಗ ಆಕೆಗೆ ಸಿಕ್ಕ ಹೆಸರು ಆತನದು. ಕಿಮ್ ಸಾನ್ ಚೀನಾದ ಕ್ರಾಂತಿಗೆ ತನ್ನ ಯೌವನವನ್ನೇ ಕೊಟ್ಟವನು. 1938ರಲ್ಲಿ ಬೇಹುಗಾರನೆಂದು ಆರೋಪಿಸಿ ಅವನನ್ನು ಕೊಂದರು. ಚೀನೀ ಪಕ್ಷ ಅವನ ಮೇಲಿನ ಆರೋಪ ತೊಡೆದದ್ದು 1983ರಲ್ಲಿ. ಹು ಫೆಂಗ್ 1955ರಲ್ಲಿ ಸೆರೆಯಾದರು. ಶಿಯಾವ್ ಜುನ್ ಮೇಲೆ 1948ರಲ್ಲೇ ಪಕ್ಷದ ಖಂಡನೆಯ ದಾಳಿ ನಡೆದಿತ್ತು. ಕೊರಿಯನ್ ಸ್ವಯಂಸೇವಕ ದಳದಲ್ಲಿ ಹೋರಾಡಿ 1941ರಲ್ಲಿ ಗುಂಡೇಟು ತಿಂದು, ಜಪಾನಿನ ಸೆರೆಮನೆಯಲ್ಲಿ ಒಂದು ಕಾಲು ಕಳಕೊಂಡು, ಆಮೇಲೆ ಚೀನಾದ ಯಾನ್‌ಬಿಯೆನ್‌ನಲ್ಲಿ ನೆಲೆಸಿ ಲು ಶುನ್, ಡಿಂಗ್ ಲಿಂಗ್ ಇಬ್ಬರನ್ನೂ ಕೊರಿಯನ್‌ಗೆ ಅನುವಾದಿಸಿದ ಕಿಮ್ ಹಾಕ್-ಚೊಲ್, ಮಾವೋ ಮತ್ತು ಕಿಮ್ ಇಲ್-ಸುಂಗ್ ಇಬ್ಬರನ್ನೂ ಟೀಕಿಸಿದ ಕಾದಂಬರಿಯ ಹಸ್ತಪ್ರತಿಗಾಗಿ 10 ವರ್ಷ ಜೈಲಿನಲ್ಲಿದ್ದರು. ಅಚ್ಚಾಗದ ಪುಸ್ತಕಕ್ಕೆ ಹತ್ತು ವರ್ಷ. ಈ ಜನರ ಒಗ್ಗಟ್ಟನ್ನು ಅವರ ಶತ್ರುಗಳಷ್ಟೇ ಮುರಿಯಲಿಲ್ಲ ಎಂಬುದನ್ನು ಬರೆಯುವಾಗ ಸಂಕಟವಾಗುತ್ತದೆ, ಆದರೆ ಬರೆಯಲೇಬೇಕು.

ಓದುವ ಕ್ರಮ ಹೀಗಿದ್ದರೆ ಅನುಕೂಲ. ಮೊದಲು ‘ಉಪ್ಪು’, ಸಾಧ್ಯವಾದರೆ ಒಂದೇ ಪಟ್ಟಿಗೆ, ಏಕೆಂದರೆ ಗಂಡನ ಸಾವಿನ ಬಗ್ಗೆ ಮೊದಲ ಅಧ್ಯಾಯದಲ್ಲಿ ಆಕೆ ನಂಬಿದ್ದು ನೆನಪಿರಬೇಕು. ಆಮೇಲೆ ‘ವಿಲೇಜ್ ಇನ್ ಆಗಸ್ಟ್’. ಅದರ ಮೊದಲ ಕೆಲವು ಅಧ್ಯಾಯಗಳಲ್ಲಿ ಅಡ್ಡಹೆಸರುಗಳ ಗದ್ದಲ ಜಾಸ್ತಿ, ಯಾರು ಯಾರೆಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಲಿ ಮತ್ತು ಅನ್ನಾ ಬರುವ ಹೊತ್ತಿಗೆ ತೊಡಕಾಗುವುದಿಲ್ಲ. ‘ಸಾಂಗ್ ಆಫ್ ಅರಿರಾನ್’ ಕೊನೆಗೆ. 1970ರ ದಶಕದ ರ‍್ಯಾಂಪಾರ್ಟ್ಸ್ ಪ್ರೆಸ್ ಮರುಮುದ್ರಣ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ, ಜಾರ್ಜ್ ಟಾಟನ್ ಸೇರಿಸಿದ ಟಿಪ್ಪಣಿಗಳು ಅದರಲ್ಲಿವೆ. ಕೈಯಲ್ಲಿ ಒಂದಕ್ಕೇ ದುಡ್ಡಿದ್ದರೆ ಹಾನ್‌ಫರ್ಡ್ ಸ್ಟಾರ್ ಪುಸ್ತಕ.